ನೂರರ ಆಚೆಯ ಎಣಿಕೆ

ಸೇನಾ ಶಿಬಿರದ ಅಡುಗೆಮನೆ, ಇಂಜೆ
೪ ಏಪ್ರಿಲ್ ೨೦೦೭

ಇವರಿಗೆ,
ಶ್ರೀಮಾನ್ ಹ್ಯೊನ್ ದೊಕ್ಸು ಅವರು,
ಕಿತ್ತಳೆ ಬೆಳೆಗಾರರು ಹಾಗೂ ಕರಿಬಂಡೆಯ ಕಾಯಂ ಪಹರೆದಾರರು,
ಜೇಜು ದ್ವೀಪ.

ವಿಷಯ: ತಾವು ಕೇಳಿರುವ ಹದಿನೇಳು ಪ್ರಶ್ನೆಗಳಿಗೆ ಉತ್ತರ ಸಲ್ಲಿಸುವ ಬಗ್ಗೆ.
ಉಲ್ಲೇಖ: ತಮ್ಮ ಪತ್ರ, ಮತ್ತು ಅದರ ಬೆನ್ನಿಗೇ ಬಂದ ‘ಇನ್ನೊಂದು ಮರೆತಿದ್ದೆ’ ಎಂಬ ಕಾರ್ಡು.

ಪೂಜ್ಯ ಅಪ್ಪ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ತಮ್ಮ ಏಕಮಾತ್ರ ಪುತ್ರನೂ ನೂರಾ ನಲವತ್ತು ಹೊಟ್ಟೆಗಳ ಅನ್ನದಾತನೂ ಆದ ನಾನು ವಿನಯಪೂರ್ವಕವಾಗಿ ಅರಿಕೆ ಮಾಡಿಕೊಳ್ಳುವುದೇನೆಂದರೆ:

ಒಂದರಿಂದ ಐದರವರೆಗಿನ ಪ್ರಶ್ನೆಗಳು ನನ್ನ ಪಾದಗಳನ್ನು ಕುರಿತಾಗಿವೆ. ಪಾದಗಳು ಎರಡೂ ಇವೆ. ಒಣಗಿವೆ. ಆರನೆಯದು, ಟ್ರಕ್ಕಿನ ಡ್ರೈವರು ಕುಡಿಯುತ್ತಾನೆಯೇ ಎಂಬುದು. ಕುಡಿಯುತ್ತಾನೆ, ಬಾರ್ಲಿ ನೀರು. ಒಂಬತ್ತನೆಯದು ಗ್ಯಾಸಿನ ವಾಲ್ವು. ಅಪ್ಪ, ಇಲ್ಲಿ ಅನ್ನ ಬೇಯುವುದು ಹಬೆಯಲ್ಲಿ. ಆದರೂ ತಮ್ಮ ಸಮಾಧಾನಕ್ಕಾಗಿ, ಇಲ್ಲದ ವಾಲ್ವನ್ನು ದಿನಕ್ಕೆರಡು ಸಲ ಮುಚ್ಚುತ್ತಿದ್ದೇನೆ. ಸಾರ್ಜೆಂಟ್ ಚೋ ನೋಡಿ, “ಏನೋ ಅದು, ಗಾಳಿ ತಿರುವ್ತಾ ಇದೀಯ?” ಅಂದ. “ವಂಶಾಚಾರ ಸಾರ್” ಅಂದೆ. ಹನ್ನೆರಡನೆಯದು, ನೀರಿನ ಹತ್ತಿರ ಹೋಗುತ್ತೀಯಾ ಎಂಬುದು. ಇಲ್ಲಿ ಕಣ್ಣು ಹಾಯಿಸಿದಷ್ಟೂ ಬೆಟ್ಟ. ನಾನು ಮುಳುಗಲೇಬೇಕೆಂದಿದ್ದರೆ ಸೋಯಾಮೊಳಕೆಯ ಸಾರಿನ ಕೊಪ್ಪರಿಗೆಯೊಂದೇ ಗತಿ.

ಫೋನು ಏಕೆ ಮಾಡುವುದಿಲ್ಲ ಎಂದು ಹದಿನೇಳನೆಯದರಲ್ಲಿ ಕೇಳಿದ್ದೀರಿ. ಇರುವ ಒಂದು ಫೋನಿನ ಮುಂದೆ ನಲವತ್ತು ಜನ ನಿಂತಿರುತ್ತಾರೆ. ಕಳೆದ ಸಲ ಒಂದು ಗಂಟೆ ನಿಂತು ಮಾಡಿದ್ದಕ್ಕೆ ನೀವು, “ಏನಾಯ್ತು? ಯಾರಿಗೇನಾಯ್ತು?” ಅಂತ ಮೂರು ನಿಮಿಷ ಕೇಳಿ, ಏನೂ ಆಗಿಲ್ಲ ಅಂತ ನಾನು ಹೇಳಿ ಮುಗಿಸುವಷ್ಟರಲ್ಲಿ ಹಿಂದಿನವನು ನನ್ನ ಕಾಲರು ಹಿಡಿದಿದ್ದ.

ಈಗ ನನ್ನ ಪ್ರಶ್ನೆಗಳು. ಅಮ್ಮ ಉಸಿರು ಹಿಡಿದು ಮುಳುಗಿ ಚಿಪ್ಪು ಹೆಕ್ಕಲು ಕಡಲಿಗಿಳಿಯುವ ದಿನ ನೀವು ಇನ್ನೂ ಬಂಡೆಯ ಮೇಲೆ ನಿಂತು ನೂರರವರೆಗೆ ಎಣಿಸುತ್ತೀರಾ? ಊರಿನ ಉಳಿದ ಗಂಡಂದಿರು, ಹೆಂಗಸರು ನೀರಿನಿಂದ ಹೊರಬರುವ ಹೊತ್ತಿಗೆ ಬಲೆಚೀಲ ಹೊರಲು ಬಂದರೆ, ನೀವು ಅವರು ಇಳಿಯುವ ಮೊದಲೇ ಹಾಜರು. ಆ ಹೆಂಗಸರಲ್ಲಿ ಹಿರಿಯಳಾದ ಓಕ್ಸುನ್ ಅಜ್ಜಿ ಈಗಲೂ ನಿಮ್ಮನ್ನು ನೋಡಿ “ದೀಪಸ್ತಂಭ ಬಂತು ನೋಡ್ರೇ!” ಅಂತ ಕೂಗುತ್ತಾಳಾ?

ಎರಡನೆಯದು, ತಂಗಿ ಬೊಮಿ ಮೂರು ವಾರದಿಂದ ನನಗೆ ಬರೆದಿಲ್ಲ. ನಿಮ್ಮ ಹದಿನೇಳು ಪ್ರಶ್ನೆಗಳ ಪತ್ರದಲ್ಲಿ ಅವಳ ಹೆಸರು ಒಂದು ಕಡೆಯೂ ಇಲ್ಲ. ಗ್ಯಾಸಿನ ವಾಲ್ವಿನ ಹೆಸರು ಎರಡು ಕಡೆ ಇದೆ.

ತಮ್ಮ ವಿಧೇಯ,
ಕಾರ್ಪೊರಲ್ ಹ್ಯೊನ್ ತೇಗ್ಯು
(ಮೊಹರು ಇಲ್ಲದ್ದರಿಂದ ಪಕ್ಕದಲ್ಲಿ ಕಿಮ್ಚಿ ಉಪ್ಪಿನಕಾಯಿಯ ಕಲೆ ಒತ್ತಲಾಗಿದೆ.)


ಜೇಜು
೧೩ ಏಪ್ರಿಲ್

ತೇಗ್ಯು,

ಪತ್ರ ತಲುಪಿತು. ಹದಿಮೂರನೆಯ ಪ್ರಶ್ನೆಗೆ ಉತ್ತರ ಬರೆದಿಲ್ಲ. ಮಲಗುವ ಕೋಣೆಯ ಬಾಗಿಲು ಒಳಗಡೆಗೆ ತೆರೆಯುತ್ತದೆಯೋ ಹೊರಗಡೆಗೋ? ಬೆಂಕಿ ಬಿದ್ದರೆ ಅದು ಮುಖ್ಯ. ನೋಡಿ ಬರೆ.

ಗಾಳಿ ಜೋರಿದೆ. ತೋಟದ ಬೇಲಿಮರಗಳಲ್ಲಿ ಎರಡು ವಾಲಿವೆ. ನಿಮ್ಮಮ್ಮನಿಗೆ ಈ ವರ್ಷ ಆಳಕ್ಕೆ ಹೋಗಲು ಆಗುತ್ತಿಲ್ಲ. ವಯಸ್ಸಾಯಿತು ಅನ್ನುತ್ತಾಳೆ. ದಡದ ಹತ್ತಿರವೇ ಮುಳುಗುತ್ತಾಳೆ. ಒಳ್ಳೆಯದೇ ಆಯಿತು.

ಬೊಮಿಗೆ ಸ್ವಲ್ಪ ಹೊಟ್ಟೆನೋವು. ಶಾಲೆಯಲ್ಲಿ ಒಂದು ಸಲ ತಲೆ ಸುತ್ತಿತಂತೆ. ಬೆಳೆಯುವ ಮಕ್ಕಳಿಗೆ ಆಗುತ್ತದೆ. ಚಿಂತೆ ಮಾಡಬೇಡ.

ಅಪ್ಪ


ಜೇಜು
೧೯ ಏಪ್ರಿಲ್

ಅಣ್ಣಾ,

ನನಗೆ ತಲೆ ಸುತ್ತಿತು ಅಂತ ಅಪ್ಪ ನಿನಗೆ ಬರೆದಿರಬೇಕು. ಸುತ್ತಲಿಲ್ಲ. ಬಿದ್ದೆ. ಸಂಗೀತದ ಪಿರಿಯಡ್ಡಿನಲ್ಲಿ ಎಲ್ಲರೂ ಪ್ಲಾಸ್ಟಿಕ್ ಕೊಳಲು ಊದುತ್ತಿದ್ದರು. ಮೇಷ್ಟ್ರು, “ಹ್ಯೊನ್ ಬೊಮಿ, ಕೊಳಲನ್ನ ತಿನ್ಬೇಡಮ್ಮ, ಊದು” ಅಂದರು. ಎಲ್ಲರೂ ನಕ್ಕರು. ಆಮೇಲೆ ನಾನು ನೆಲದ ಮೇಲಿದ್ದೆ.

ಯಾಕೆ ಅಂತ ನಿನಗೆ ಮಾತ್ರ ಹೇಳ್ತೀನಿ. ನನ್ನ ಜಾಗ ಕಿಟಕಿಯ ಪಕ್ಕ. ಅಲ್ಲಿಂದ ಸಮುದ್ರ ಕಾಣತ್ತೆ. ಹೆಂಗಸರ ಕಿತ್ತಳೆ ಬಣ್ಣದ ತೇಲುಗುಂಡುಗಳೂ ಕಾಣತ್ತೆ. ಅಮ್ಮನದು ಯಾವುದು ಅಂತ ನನಗೆ ಗೊತ್ತು, ಅದಕ್ಕೆ ನೀಲಿ ಟೇಪು ಸುತ್ತಿದ್ದು ನಾನೇ. ಅಮ್ಮನ ತಲೆ ಗುಂಡಿನ ಪಕ್ಕ ಇಲ್ಲದಿದ್ದಾಗ ನಾನು ಉಸಿರು ಹಿಡೀತೀನಿ. ತಲೆ ಬಂದಮೇಲೆ ಬಿಡ್ತೀನಿ. ಅಪ್ಪನೂ ಹಾಗೇ. ಅಪ್ಪನ ಪಕ್ಕ ಬಂಡೆ ಮೇಲೆ ನಿಂತಾಗ ಅವರ ಕೋಟನ್ನೇ ನೋಡಿದೀನಿ, ಅಮ್ಮ ಒಳಗಿದ್ದಷ್ಟು ಹೊತ್ತು ಅದು ಮೇಲೆ ಕೆಳಗೆ ಆಗಲ್ಲ. ಅಮ್ಮ ಮೇಲೆ ಬಂದು ‘ಹ್ಹುಯ್’ ಅಂತ ಸಿಳ್ಳೆಯಂಥ ಉಸಿರು ಬಿಟ್ಟಮೇಲೆ ಕೋಟು ಅಲ್ಲಾಡತ್ತೆ.

ಅವತ್ತು ಒಂದು ದೋಣಿ ಬಂದು ಕಿಟಕಿಗೂ ಅಮ್ಮನಿಗೂ ಮಧ್ಯ ನಿಂತುಬಿಡ್ತು. ಹೋಗಲೇ ಇಲ್ಲ.

ಈಗ ರಾತ್ರಿ ಊಟ ಮಾಡುವಾಗಲೂ ಉಸಿರು ತಾನಾಗಿ ನಿಂತುಹೋಗತ್ತೆ. ಆಗ ಹೊಟ್ಟೆ ನೋಯತ್ತೆ. ಇನ್ನೊಂದು ವಿಷಯ ಇದೆ. ಅದನ್ನ ನಿನಗೂ ಹೇಳಲ್ಲ.

ಬೊಮಿ


ಇಂಜೆ
೨೭ ಏಪ್ರಿಲ್

ನೇಮಕಾತಿ ಆದೇಶ

ಕುಮಾರಿ ಹ್ಯೊನ್ ಬೊಮಿ, ನಾಲ್ಕನೆಯ ತರಗತಿ, ಇವರನ್ನು ಈ ಕ್ಷಣದಿಂದ ಜಾರಿಗೆ ಬರುವಂತೆ ‘ಸಹಾಯಕ ಎಣಿಕೆ ಅಧಿಕಾರಿ (ಹಂಗಾಮಿ)’ ಹುದ್ದೆಗೆ ನೇಮಿಸಲಾಗಿದೆ. ಷರತ್ತುಗಳು ಹೀಗಿವೆ. ಅಧಿಕಾರಿಗಳು ಮನಸ್ಸಿನೊಳಗೆ ಎಣಿಸತಕ್ಕದ್ದಲ್ಲ, ಬಾಯಿ ಬಿಟ್ಟು ಎಣಿಸತಕ್ಕದ್ದು. (ಬಾಯಿ ಬಿಟ್ಟರೆ ಗಾಳಿ ತಾನಾಗಿ ಒಳಗೆ ಹೋಗುತ್ತದೆ ಕಣೇ ಕತ್ತೆ, ಅದಕ್ಕೇ.) ಎಣಿಸಿದ್ದನ್ನು ಒಂದು ನೋಟುಬುಕ್ಕಿನಲ್ಲಿ ಬರೆದಿಡತಕ್ಕದ್ದು. ಬರೆಯುವ ಕೈಗೂ ಉಸಿರು ಬೇಕಾಗುತ್ತದೆ. ಕರ್ತವ್ಯಲೋಪ ಕಂಡುಬಂದಲ್ಲಿ, ಅಂದರೆ ಒಂದು ಎಣಿಕೆ ತಪ್ಪಿದರೂ, ವಿಷಯವನ್ನು ಕಡಲರಾಜನ ಅರಮನೆಗೆ ವರದಿ ಮಾಡಲಾಗುವುದು. ಅವನು ಆಮೆಯ ಮೇಲೆ ಕೂತು ವಿಚಾರಣೆಗೆ ಬರುತ್ತಾನೆ. ಆಮೆಗೆ ಬಸ್ ಚಾರ್ಜು ನೀನೇ ಕೊಡಬೇಕು.

ಸಂಬಳ: ನಾನು ರಜೆಗೆ ಬಂದಾಗ ಕರಿಬೀನ್ ನೂಡಲ್ಸು, ಎರಡು ಬಟ್ಟಲು.

ಆ ಇನ್ನೊಂದು ವಿಷಯವನ್ನು ಹೇಳಬೇಡ. ಆದರೆ ಹೇಳದೆ ಇರುವುದು ಭಾರವಾದರೆ, ಅಧಿಕಾರಿಯೊಬ್ಬರು ಇನ್ನೊಬ್ಬ ಅಧಿಕಾರಿಗೆ ವರದಿ ಮಾಡಬಹುದೆಂದು ನಿಯಮವಿದೆ.

ಆಜ್ಞಾನುಸಾರ,
ಅಣ್ಣ
(ಕಿಮ್ಚಿ ಮೊಹರು. ಈ ಸಲ ಮೂಲಂಗಿಯದು.)


ಜೇಜು
೨೦ ಮೇ

ಅಣ್ಣಾ,

ವರದಿ.

ನಾನು ಒಟ್ಟು ಒಂದು ಸಾವಿರದ ನೂರಾ ಹನ್ನೆರಡು ಸಲ ಎಣಿಸಿದ್ದೀನಿ. ಎಲ್ಲ ಬರೆದಿದ್ದೀನಿ, ನೋಟುಬುಕ್ಕು ತುಂಬಿ ಎರಡನೆಯದು ತಗೊಂಡೆ. ಶಾಲೆಯ ಕಿಟಕಿಯಿಂದ ಸರಿಯಾಗಿ ಕಾಣಲ್ಲ ಅಂತ ಅಮ್ಮ ಇಳಿಯುವ ದಿನ ಶಾಲೆಗೆ ಹೋಗಲ್ಲ. ಹೊಟ್ಟೆನೋವು ಅಂತೀನಿ. ಅಪ್ಪ ತಕ್ಷಣ ಒಪ್ಪುತ್ತಾರೆ. ನನ್ನನ್ನೂ ಬಂಡೆಗೆ ಕರಕೊಂಡು ಹೋಗುತ್ತಾರೆ, ಕಣ್ಣ ಮುಂದೆ ಇದ್ದರೆ ಒಳ್ಳೇದು ಅಂತ.

ಮೂರು ಸಲ ತಪ್ಪಿದೆ. ಒಂದು ಸಲ ಸೀನು ಬಂತು. ಒಂದು ಸಲ ಓಕ್ಸುನ್ ಅಜ್ಜಿ, “ಏನೇ ಪುಟ್ಟ ದೀಪಸ್ತಂಭ, ನೀನೂ ಕೆಲಸಕ್ಕೆ ಸೇರ್ಕೊಂಡ್ಯಾ?” ಅಂತ ಮಾತಾಡಿಸಿಬಿಟ್ಟಳು. ಇನ್ನೊಂದು ಹೇಗೆ ತಪ್ಪಿತೋ ಗೊತ್ತಿಲ್ಲ. ಅಣ್ಣಾ, ಕಡಲರಾಜನಿಗೆ ಹೇಳಿದೆಯಾ? ದಯವಿಟ್ಟು ಹೇಳಬೇಡ. ಅವನು ನನ್ನನ್ನು ಏನು ಬೇಕಾದರೂ ಮಾಡಲಿ, ಅಮ್ಮ ಅವನ ಮನೆಯೊಳಗೇ ದಿನಾ ಹೋಗಿ ಬರುತ್ತಾಳಲ್ಲ.

ಅಧಿಕಾರಿ ವರದಿ ಮಾಡಬಹುದು ಅಂತ ನೀನೇ ಬರೆದಿದ್ದಕ್ಕೆ ಆ ಇನ್ನೊಂದು ವಿಷಯ ಬರೀತೀನಿ. ಆಳಕ್ಕೆ ಇಳಿಯೋಕೆ ಅಮ್ಮ ಸೊಂಟಕ್ಕೆ ಸೀಸದ ಪಟ್ಟಿ ಕಟ್ಟುತ್ತಾಳಲ್ಲ, ಆ ಸೀಸದ ತುಂಡುಗಳನ್ನು ಅಪ್ಪ ಹಿಂಬದಿಯಿಂದ ಕೊರೆಯುತ್ತಾರೆ. ಚಳಿಗಾಲದಿಂದ. ಒಂದೊಂದು ವಾರ ಒಂದೊಂದು ಚಮಚದಷ್ಟು. ಕೊರೆದ ಜಾಗಕ್ಕೆ ಮೇಣ ತುಂಬಿ ಮೇಲೆ ಬೂದು ಬಣ್ಣ ಹಚ್ಚುತ್ತಾರೆ. ಕೊರೆದ ಸೀಸ ತೋಟದ ಕಲ್ಲುಗೋಡೆಯ ಸಂದಿಯಲ್ಲಿ, ಮೆಣಸಿನ ಪೇಸ್ಟಿನ ಡಬ್ಬಿಯಲ್ಲಿದೆ. ನಾನು ನೋಡಿದ್ದನ್ನು ಅಪ್ಪ ನೋಡಿದರು. “ಆಳಕ್ಕೆ ಹೋಗದಿದ್ರೆ ಅಮ್ಮಂಗೆ ಏನೂ ಆಗಲ್ಲ, ಅಲ್ವಾ?” ಅಂದರು.

ಆದರೆ ಅಮ್ಮ ಇಳಿಯೋಕೆ ಕಾಲು ಬಡಿದೂ ಬಡಿದೂ ಸುಸ್ತಾಗುತ್ತಾಳೆ. ಮೊದಲಿಗಿಂತ ಹೆಚ್ಚು ಏದುಸಿರು. ಮೊನ್ನೆ ಬಟ್ಟೆ ಬದಲಿಸುವ ಮನೆಯಲ್ಲಿ ಆಳಕ್ಕೆ ಹೋಗುವ ಮೇಲ್ದರ್ಜೆಯವರ ಜಾಗ ಬಿಟ್ಟು ಎದ್ದು, ನಡುದರ್ಜೆಯವರ ಸಾಲಿನಲ್ಲಿ ಹೋಗಿ ಕೂತಳು. ಯಾರೂ ಹೇಳಿರಲಿಲ್ಲ, ಅವಳೇ. “ಮೈ ಮಾತು ಕೇಳ್ತಿಲ್ಲ ಕಣ್ರೇ” ಅಂದಳು. ನಾನು ಟವೆಲ್ಲು ಕೊಡೋಕೆ ಹೋಗಿದ್ದೆ, ನೋಡಿದೆ.

ಹೇಳಿದರೆ ಅಮ್ಮ ಆಳಕ್ಕೆ ಹೋಗುತ್ತಾಳೆ. ಹೇಳದಿದ್ದರೆ ಸುಸ್ತಾಗಿ ಸತ್ತುಹೋಗುತ್ತಾಳೆ. ಯಾವುದು ಸರಿ ಅಂತ ಬೇಗ ಬರೆ.

ಸಹಾಯಕ ಎಣಿಕೆ ಅಧಿಕಾರಿ
ಬೊಮಿ


ಇಂಜೆ
೨೬ ಮೇ

ಬೊಮಿ ಪುಟ್ಟಿ,

ಆ ಆದೇಶ ರದ್ದು. ಅದು ತಮಾಷೆ ಕಣೇ. ಕಡಲರಾಜನಿಗೆ ನಾನು ಯಾರೆಂದೇ ಗೊತ್ತಿಲ್ಲ. ಯಾರಿಗೂ ಏನೂ ಹೇಳಿಲ್ಲ. ನೋಟುಬುಕ್ಕು ಎತ್ತಿಡು, ಶಾಲೆಗೆ ಹೋಗು. ಸೀಸದ ವಿಷಯ ನೀನು ಏನೂ ಮಾಡಬೇಡ, ಯಾವುದು ಸರಿ ಅಂತ ಯೋಚಿಸಲೂ ಬೇಡ. ಅದು ಹತ್ತು ವರ್ಷದವಳ ಕೆಲಸ ಅಲ್ಲ. ಅಪ್ಪನಿಗೆ ನಾನು ಬರೆಯುತ್ತಿದ್ದೇನೆ.

ಅಣ್ಣ


ಇಂಜೆ
೨೬ ಮೇ

ಇವರಿಗೆ,
ಶ್ರೀಮಾನ್ ಹ್ಯೊನ್ ದೊಕ್ಸು, ಸೀಸ ಮತ್ತು ಮೇಣದ ಕುಶಲಕರ್ಮಿಗಳು,

ವಿಷಯ:

ಬೇಡ ಅಪ್ಪ. ಇವತ್ತು ಆಗುವುದಿಲ್ಲ. ಮೇಲಿನ ಸಾಲುಗಳನ್ನು ಹೊಡೆದುಹಾಕಿದ್ದೇನೆ, ಕ್ಷಮಿಸಿ, ಬೇರೆ ಕಾಗದ ಇಲ್ಲ.

ಬೊಮಿ ಎಲ್ಲ ಬರೆದಿದ್ದಾಳೆ. ಅವಳನ್ನು ಬೈಯಬೇಡಿ. ಬೈಯುವುದಿಲ್ಲ ನೀವು, ಗೊತ್ತು. ನೀವು ಯಾರನ್ನೂ ಯಾವತ್ತೂ ಬೈದಿಲ್ಲ. ಬೈದಿದ್ದರೆ ನಮಗೆ ಸುಲಭವಾಗುತ್ತಿತ್ತು. ಬೈಸಿಕೊಂಡ ಮಕ್ಕಳು ಎದ್ದು ಆಟಕ್ಕೆ ಹೋಗುತ್ತಾರೆ. ನಾವು ನಿಮ್ಮ ಕೋಟು ನೋಡಿಕೊಂಡು ನಿಲ್ಲುತ್ತಿದ್ದೆವು.

ನನಗೆ ಆರು ವರ್ಷವಿದ್ದಾಗ ಬಂಡೆಯ ಮೇಲೆ ನನ್ನ ಕೈ ಹಿಡಿದುಕೊಂಡಿರುತ್ತಿದ್ದಿರಿ. ಎಣಿಕೆ ಎಪ್ಪತ್ತು ದಾಟಿತೆಂದರೆ ನಿಮ್ಮ ಕೈ ಬಿಗಿಯಾಗುತ್ತಿತ್ತು. ತೊಂಬತ್ತಕ್ಕೆ ನನ್ನ ಬೆರಳುಗಳು ಒಂದರ ಮೇಲೊಂದು ಏರುತ್ತಿದ್ದವು. ಅಳುವಂತಿರಲಿಲ್ಲ, ಅತ್ತರೆ ನೀವು ಇನ್ನೂ ಹೆದರುತ್ತಿದ್ದಿರಿ. ಒಂದು ದಿನ ತಡೆಯಲಾರದೆ ಮೂಗನ್ನು ಮೇಲಕ್ಕೊತ್ತಿ ಹಂದಿಯ ಮುಖ ಮಾಡಿದೆ. ನೀವು ನೋಡಿ ನಕ್ಕಿರಿ. ಕೈ ಸಡಿಲವಾಯಿತು.

ಅಂದಿನಿಂದ ನನಗೆ ಅದೇ ಉದ್ಯೋಗ. ಊರೆಲ್ಲ ನನ್ನನ್ನು ಕಿಡಿಗೇಡಿ ಅಂದಿತು. ಮೇಷ್ಟ್ರ ಚಪ್ಪಲಿ ಅಡಗಿಸಿದೆ, ಪಂಚಾಯ್ತಿಯ ಧ್ವನಿವರ್ಧಕದಲ್ಲಿ ಹುಂಜದ ಹಾಗೆ ಕೂಗಿದೆ. ಸಾರ್ಜೆಂಟ್ ಚೋನ ಮುಖ ಬಿಗಿಯಾದರೂ ಸಾಕು, ನನ್ನ ಬೆರಳು ನೋಯಲು ಶುರುವಾಗುತ್ತದೆ, ಏನಾದರೊಂದು ತಮಾಷೆ ಬಾಯಿಂದ ಬಿದ್ದುಬಿಡುತ್ತದೆ. ನನಗೆ ಇಪ್ಪತ್ತೊಂದು ವರ್ಷ, ಅಪ್ಪ.

ನನಗೆ ತಮಾಷೆ ಸಿಕ್ಕಿತು. ಬೊಮಿಗೆ ಅದು ಬರುವುದಿಲ್ಲ. ಅವಳ ಹತ್ತಿರ ಇದ್ದದ್ದು ಉಸಿರೊಂದೇ, ಅದನ್ನೇ ಹಿಡಿದುಕೊಂಡಿದ್ದಾಳೆ. ನಾನು ದೊಡ್ಡ ಬುದ್ಧಿವಂತನ ಹಾಗೆ ಅವಳಿಗೊಂದು ತಮಾಷೆ ಕಳಿಸಿದೆ. ಅವಳು ಅದನ್ನು ನಿಜವೆಂದು ಹೊತ್ತುಕೊಂಡಳು. ಆದ್ದರಿಂದ ತಪ್ಪೆಲ್ಲ ನಿಮ್ಮದೆಂದು ಬರೆಯುತ್ತಿಲ್ಲ.

ಅಮ್ಮನಿಗೆ ಸೀಸದ ವಿಷಯ ನೀವೇ ಹೇಳಿ. ತಾನು ಮುದುಕಿಯಾದೆ ಅಂದುಕೊಂಡಿದ್ದಾಳಂತೆ. ಬೊಮಿಯನ್ನು ಪೇಟೆಗೆ ಕರೆದುಕೊಂಡು ಹೋಗಿ, ಮಕ್ಕಳ ಮನಸ್ಸಿನ ಡಾಕ್ಟರಿಗೆ ತೋರಿಸಿ. ಹೊಟ್ಟೆಯ ಡಾಕ್ಟರಿಗಲ್ಲ.

ಬಾಗಿಲು ಹೊರಗಡೆಗೆ ತೆರೆಯುತ್ತದೆ.

ತೇಗ್ಯು


ಜೇಜು
೧೦ ಜೂನ್

ತೇಗ್ಯು,

ನಾನು ಪತ್ರ ಬರೆದು ಹದಿನೈದು ವರ್ಷ ಆಗಿರಬೇಕು, ಅಕ್ಷರ ನೋಡಿ ನಗಬೇಡ. ಎಲ್ಲರೂ ಬದುಕಿದ್ದೀವಿ. ಮೊದಲು ಅದನ್ನ ಓದಿಕೋ.

ಮೇ ಇಪ್ಪತ್ತೊಂಬತ್ತನೇ ತಾರೀಕು ನೀರು ತಿಳಿಯಾಗಿತ್ತು. ಇಳಿದೆ. ಅಯ್ಯೋ, ಏನಂತ ಹೇಳಲಿ, ಕಲ್ಲು ಬಿದ್ದ ಹಾಗೆ ಬಿದ್ದೆ! ಕಾಲು ಬಡಿಯಬೇಕಾಗೇ ಇಲ್ಲ. ಇಪ್ಪತ್ತೈದನೇ ವಯಸ್ಸಲ್ಲಿ ಹೋಗ್ತಿದ್ದೆನಲ್ಲ, ಹಾಗೆ. ತಳದ ಬಿರುಕಲ್ಲಿ ಅಂಗೈಯಷ್ಟಗಲದ ಅಬಲೋನಿ ಚಿಪ್ಪು ಕೂತಿತ್ತು. ಖುಷಿಗೆ ಮೈಮರೆತೆ. ಒಂದು ಚೂರು ಜಾಸ್ತಿ ಹೊತ್ತು ಇದ್ದೆ ಅಷ್ಟೇ. ಉಸಿರು ಇನ್ನೂ ಉಳಿದಿತ್ತು, ನನ್ನ ಉಸಿರು ನನಗೆ ಗೊತ್ತಿಲ್ಲವಾ?

ಮೇಲೆ ಬಂದು ನೋಡಿದರೆ ಬಂಡೆ ಖಾಲಿ.

ನಿಮ್ಮಪ್ಪ ಹಾರಿಬಿಟ್ಟಿದ್ದರು. ಕೋಟು, ಬೂಟು ಸಮೇತ. ಈಜು ಬರಲ್ಲ ಅಂತ ಅವರಿಗೂ ಗೊತ್ತು, ಸಮುದ್ರಕ್ಕೂ ಗೊತ್ತು. ಓಕ್ಸುನ್ ಅಜ್ಜಿ ಕಾಲರಿಗೆ ಕೊಕ್ಕೆ ಹಾಕಿ ತೇಲುಗುಂಡಿನ ಮೇಲೆ ಎಳೆದುಕೊಂಡಳು. “ಐವತ್ತೈದು ವರ್ಷ ಮುಳುಗಿದೀನಿ, ಇಷ್ಟು ದೊಡ್ಡ ಮೀನು ಸಿಕ್ಕಿರಲಿಲ್ಲ ಕಣ್ರೇ! ಮಾರೋಕೂ ಬರಲ್ಲ, ತಿನ್ನೋಕೂ ಬರಲ್ಲ!” ಅಂತ ಕೂಗ್ತಾನೇ ದಡಕ್ಕೆ ತಂದಳು. ಎಪ್ಪತ್ತೊಂದು ವರ್ಷ ಅವಳಿಗೆ.

ನಾವು ನಗ್ತಾ ಇದ್ವಿ. ಆಮೇಲೆ ನೋಡಿದರೆ ಬೊಮಿ ಬಂಡೆ ಮೇಲೆ ಬಿದ್ದಿದ್ದಳು. ತುಟಿ ನೀಲಿ. ಯಾರೂ ನಗಲಿಲ್ಲ ಆಗ.

ಕಣ್ಣು ಬಿಟ್ಟ ಮೇಲೆ, “ನಾನೇ ಮಾಡಿದ್ದು, ನಾನೇ ಮಾಡಿದ್ದು” ಅಂತ ಒಂದೇ ಸಮ ಅಂದಳು. ಕೊರೆದ ಸೀಸವನ್ನೆಲ್ಲ ಆ ಡಬ್ಬಿಯಿಂದ ತಂದು, ನನ್ನ ಪಟ್ಟಿಯ ಒಳಬಟ್ಟೆ ಬಿಚ್ಚಿ ತುಂಬಿ, ಮತ್ತೆ ಹೊಲಿದಿಟ್ಟಿದ್ದಳು. ಎಷ್ಟು ಸಣ್ಣ ಹೊಲಿಗೆ ಗೊತ್ತಾ, ನನಗೇ ಬರಲ್ಲ ಅಷ್ಟು ಚೆಂದ. ಸೀಸ ಮುಟ್ಟಿದ ಕೈ ಅಂತ ಮೂರು ಸಲ ಸೋಪು ಹಾಕಿ ತಿಕ್ಕಿದೆ. ತಿಕ್ತಾ ಅಳು ಬಂತು.

ಹಾಗೆ ನನಗೆ ಗೊತ್ತಾಯಿತು. ಚಳಿಗಾಲದಿಂದ ನನ್ನ ಮೈಯನ್ನ ನಾನೇ ಬೈಕೊಂಡಿದ್ದೆ. ದರ್ಜೆ ಬಿಟ್ಟು ಎದ್ದು ಬಂದಿದ್ದೆ. ಮನೇಲಿ ನಿಮ್ಮಪ್ಪ ನನ್ನ ಮಂಡಿಗೆ ಎಣ್ಣೆ ತಿಕ್ಕಿ, “ವಯಸ್ಸಾದ ಮೇಲೆ ಎಲ್ಲರಿಗೂ ಹಾಗೇ” ಅಂತಿದ್ದರು. ಮೂರು ದಿನ ನಾನು ಅವರ ಹತ್ತಿರ ಮಾತಾಡಲಿಲ್ಲ. ನಾಲ್ಕನೇ ದಿನ ಒಂದೇ ಮಾತು ಹೇಳಿದೆ: “ನಾನು ಮೇಲೆ ಬಂದ ತಕ್ಷಣ ನೋಡೋದು ದಡ ಅಲ್ಲ, ನಿಮ್ಮ ಮುಖ. ಇಪ್ಪತ್ತೆರಡು ವರ್ಷದಿಂದ ಆ ಮುಖಕ್ಕೋಸ್ಕರ ಅರ್ಧ ಉಸಿರು ಇರುವಾಗಲೇ ಮೇಲೆ ಬಂದಿದೀನಿ. ನಿಮಗೆ ಹೇಳಿರಲಿಲ್ಲ, ನನ್ನದೂ ತಪ್ಪೇ. ಆದ್ರೆ ನನ್ನ ಮಗಳ ಉಸಿರು ಕೊಡಲ್ಲ.”

ಅವರು ಎದ್ದು ಹೋಗಿ ಪೇಟೆಯ ಡಾಕ್ಟರಿಗೆ ಫೋನು ಮಾಡಿದರು.

ನಿನ್ನ ಪತ್ರ ಅವರು ಹಾರಿದ ಮಾರನೇ ದಿನ ಬಂತು. ಓದಿದರು, ಜೇಬಲ್ಲಿಟ್ಟುಕೊಂಡರು. ದಿನಾ ತೆಗೀತಾರೆ, ಓದ್ತಾರೆ, ಇಡ್ತಾರೆ. ಏನು ಬರೆದಿದ್ದೆಯೋ? ಹೇಳಬೇಡ ಬಿಡು. ನಿನ್ನ ಅಜ್ಜಿಯ, ಅವರ ಅವ್ವನ ವಿಷಯ ಅವರು ನಿಮಗೆ ಯಾವತ್ತೂ ಹೇಳಿಲ್ಲ. ನಾನೂ ಹೇಳಲ್ಲ. ಅದು ಅವರದು.

ಹೊಟ್ಟೆ ತುಂಬ ಉಣ್ಣು. ಬರೀ ಬೇರೆಯವರಿಗೆ ಬಡಿಸಬೇಡ.

ಅಮ್ಮ


ಜೇಜು
೧೨ ಜುಲೈ

ಅಣ್ಣಾ,

ನಾನು ನಾಲ್ಕು ಸಲ ಡಾಕ್ಟರ ಹತ್ತಿರ ಹೋದೆ. ಡಾಕ್ಟರು ಹೆಂಗಸು, ದಪ್ಪ ಕನ್ನಡಕ. ಅವರ ಕೋಣೆಯಲ್ಲಿ ಗಡಿಯಾರ ಇಲ್ಲ, ನೋಡಿದೆ. ಮೊದಲನೇ ದಿನ ಅಪ್ಪ ಹೊರಗೆ ಬೆಂಚಿನ ಮೇಲೆ ಕೂರ್ತೀನಿ ಅಂದರು. ಡಾಕ್ಟರು ಒಳಗೇ ಕುರ್ಚಿ ಹಾಕಿಸಿದರು. “ನಿಮ್ಮನೇಲಿ ಇನ್ಯಾರು ಎಣಿಸ್ತಾರೆ, ಬೊಮಿ?” ಅಂತ ಕೇಳಿದರು. ಅಪ್ಪ ಕ್ಲಾಸಿನಲ್ಲಿ ಎತ್ತೋ ಹಾಗೆ ಕೈ ಎತ್ತಿದರು.

ಉಸಿರು ಒಳಗೆ ಎಳೆಯೋದಕ್ಕಿಂತ ಹೊರಗೆ ಬಿಡೋದು ಉದ್ದ ಇರಬೇಕಂತೆ. ಅಮ್ಮ ಅದಕ್ಕೆ, “ಅಷ್ಟೇನಾ? ನಮ್ಮ ಕಸುಬೇ ಅದು” ಅಂದಳು. ಅಮ್ಮ ಬಿಡೋ ‘ಹ್ಹುಯ್’ ಇದೆಯಲ್ಲ, ಅದನ್ನೇ ನನಗೆ ಕಲಿಸ್ತಿದಾಳೆ. “ಹಿಡಿಯೋದು ಯಾರು ಬೇಕಾದ್ರೂ ಹಿಡೀತಾರೆ, ಬಿಡೋಕೆ ಕಲೀಬೇಕು” ಅಂತಾಳೆ. ಈಗ ಅವಳು ಮತ್ತೆ ಮೇಲ್ದರ್ಜೆಯ ಸಾಲಲ್ಲಿ ಕೂರ್ತಾಳೆ. ಓಕ್ಸುನ್ ಅಜ್ಜಿ ಅವಳಿಗೋಸ್ಕರ ಜಾಗ ಬಿಟ್ಟೇ ಇಟ್ಟಿದ್ದಳಂತೆ.

ಶಾಲೆಗೆ ಹೋಗ್ತೀನಿ. ಜಾಗ ಬದಲಿಸಿದರು, ಈಗ ಗೋಡೆ ಪಕ್ಕ. ಆದರೂ ಮಂಗಳವಾರ ಅರವತ್ತರವರೆಗೆ ಎಣಿಸಿಬಿಟ್ಟೆ. ಗೋಡೆ ನೋಡಿಕೊಂಡೇ.

ನಿನ್ನ ಮೇಲೆ ಒಂದು ದೂರಿದೆ. ನೀನು ಈಗ ತಮಾಷೆ ಬರೆಯೋದೇ ಇಲ್ಲ. ಕಳೆದ ಪತ್ರದಲ್ಲಿ ಬರೀ ಪ್ರಶ್ನೆ. ಊಟ ಮಾಡಿದೆಯಾ, ಉಸಿರು ಸರಿ ಇದೆಯಾ, ಬಿದ್ದೆಯಾ, ಬೀಳಲಿಲ್ಲ ತಾನೇ, ನಿಜ ಹೇಳು. ಹನ್ನೊಂದು ಇದ್ದವು. ಎಣಿಸಿದೆ. (ಇದು ಬೇರೆ ಎಣಿಕೆ, ಡಾಕ್ಟರು ಬೈಯಲ್ಲ.) ನೀನು ಅಪ್ಪನ ಥರ ಆಗ್ತಿದೀಯ. ನಮ್ಮನೇಲಿ ಒಬ್ಬರೇ ಸಾಕು.

ಆಮೆಯ ಬಸ್ ಚಾರ್ಜಿನ ಜೋಕು ಚೆನ್ನಾಗಿತ್ತು. ಆಗ ನಗು ಬರಲಿಲ್ಲ. ಮೊನ್ನೆ ಸ್ನಾನ ಮಾಡುವಾಗ ಬಂತು.

ಬೊಮಿ
(ಈಗ ಯಾವ ಅಧಿಕಾರಿಯೂ ಅಲ್ಲ)


ಜೇಜು
೨ ಸೆಪ್ಟೆಂಬರ್

ಇವರಿಗೆ,
ಕಾರ್ಪೊರಲ್ ಹ್ಯೊನ್ ತೇಗ್ಯು,
ನೂರಾ ನಲವತ್ತು ಹೊಟ್ಟೆಗಳ ಅನ್ನದಾತರು, ಇಂಜೆ.

ವಿಷಯ: ಎಣಿಕೆ ನಿಲ್ಲಿಸುವ ಬಗ್ಗೆ.
ಉಲ್ಲೇಖ: ನಿನ್ನ ಮೇ ತಿಂಗಳ ಪತ್ರ.

ನಿನ್ನ ಹಾಗೆ ಬರೆಯಲು ನನಗೆ ಬರುವುದಿಲ್ಲ. ಮೇಲಿನ ಐದು ಸಾಲಿಗೇ ನಾಲ್ಕು ಕಾಗದ ಹಾಳಾದವು. ಬೊಮಿ ತಿದ್ದಿಕೊಟ್ಟಳು. ‘ಅನ್ನದಾತರು’ ಅಂತ ಬರೆಯಲೇಬೇಕು ಅಂದಳು.

ಉತ್ತರ ತಡವಾಯಿತು. ಮೂರು ತಿಂಗಳು. ನೀನು ಬರೆದದ್ದು ನೆನಪಿದೆ. ಹಂದಿಯ ಮುಖ ನೆನಪಿದೆ. ನಿನ್ನ ಬೆರಳು ನೋಯುತ್ತಿತ್ತು ಅಂತ ಗೊತ್ತಿರಲಿಲ್ಲ. ನಾನು ನಿನ್ನನ್ನು ಹಿಡಿದುಕೊಂಡಿದ್ದೇನೆ ಅಂದುಕೊಂಡಿದ್ದೆ.

ಡಾಕ್ಟರು ನನಗೊಂದು ಪಾಠ ಕೊಟ್ಟಿದ್ದಾರೆ, ಹೇಳದೇ ಇದ್ದದ್ದನ್ನು ಯಾರಿಗಾದರೂ ಹೇಳಿ ಬನ್ನಿ ಅಂತ. ನಿನಗೆ ಹೇಳುತ್ತೇನೆ.

ಆಗ ನನಗೆ ಎಂಟು ವರ್ಷ. ನಮ್ಮವ್ವ ಕಡಲಿಗಿಳಿಯುವ ದಿನ ನಮ್ಮಜ್ಜಿ ನನ್ನನ್ನು ಕರಿಬಂಡೆಯ ಮೇಲೆ ನಿಲ್ಲಿಸುತ್ತಿದ್ದಳು. ನಾನು ಅಳಬಾರದು ಅಂತ, “ನೂರರವರೆಗೆ ಎಣಿಸು ಮಗಾ, ಅಷ್ಟರಲ್ಲಿ ನಿಮ್ಮವ್ವ ಬರ್ತಾಳೆ” ಅನ್ನುತ್ತಿದ್ದಳು. ಯಾವಾಗಲೂ ಬರುತ್ತಿದ್ದಳು. ಒಂದು ದಿನ ನೂರು ಆಯಿತು. ತಪ್ಪಾಗಿ ಎಣಿಸಿದೆ ಅಂದುಕೊಂಡು ಮತ್ತೆ ಒಂದರಿಂದ ಶುರು ಮಾಡಿದೆ. ಆಮೇಲೆ ಮತ್ತೆ. ಜನ ಓಡಿದರು, ದೋಣಿ ಹೋಯಿತು, ಅಜ್ಜಿ ಮರಳ ಮೇಲೆ ಕೂತುಬಿಟ್ಟಳು. ಕತ್ತಲಾಗುವ ಹೊತ್ತಿಗೆ ಯಾರೋ ನನ್ನನ್ನು ಎತ್ತಿಕೊಂಡು ಮನೆಗೆ ಹೋದರು. ಎಣಿಕೆ ನಿಲ್ಲಿಸು ಅಂತ ಯಾರೂ ಹೇಳಲಿಲ್ಲ. ಪಾಪ, ಎಲ್ಲರಿಗೂ ಬೇರೆ ಕೆಲಸ ಇತ್ತು.

ಇದನ್ನು ಡಾಕ್ಟರ ಮುಂದೆ ಹೇಳಿದಾಗ ಬೊಮಿ ಅಲ್ಲೇ ಇದ್ದಳು. ಬಸ್ಸಿನಿಂದ ಇಳಿಯುವಾಗ, “ಅಪ್ಪಾ, ನಂಗೂ ಯಾರೂ ಹೇಳಿಲ್ಲ” ಅಂದಳು. ನೀನು ಪತ್ರದಲ್ಲಿ ರದ್ದು ಮಾಡಿದೆಯಂತೆ, ಆದರೆ ಅದರ ಮೇಲೆ ಮೊಹರು ಇರಲಿಲ್ಲವಂತೆ. ಕಿಮ್ಚಿಯದೂ ಇರಲಿಲ್ಲವಂತೆ.

ಆದ್ದರಿಂದ ಕಳೆದ ಭಾನುವಾರ ಮಧ್ಯಾಹ್ನ, ಊಟದ ಮೇಜಿನ ಮುಂದೆ ಎಲ್ಲರೂ ಕೂತಿರುವಾಗ, ಎದ್ದು ನಿಂತು ಓದಿದೆ: ‘ಕುಮಾರಿ ಹ್ಯೊನ್ ಬೊಮಿ ಇವರು ಇಲ್ಲಿಯವರೆಗೆ ಮಾಡಿದ ಎಣಿಕೆಯೆಲ್ಲ ಮುಕ್ತಾಯವಾಗಿದೆ. ಇನ್ನು ಮುಂದೆ ಇವರು ಎಣಿಸಬೇಕಾಗಿಲ್ಲ. ಅಮ್ಮ ಬರುವುದು ಅಮ್ಮನ ಉಸಿರಿನಿಂದ, ಇವರ ಉಸಿರಿನಿಂದಲ್ಲ.’ ತೋಟದ ಪತ್ರಕ್ಕೆ ಒತ್ತುವ ನನ್ನ ಹೆಸರಿನ ಮೊಹರು ತೆಗೆದು, ಕೆಂಪು ಶಾಯಿ ಹಚ್ಚಿ, ಒತ್ತಿದೆ. ನಿಮ್ಮಮ್ಮ ಚಪ್ಪಾಳೆ ತಟ್ಟಿದಳು.

“ಮತ್ತೆ ನಿಮ್ಮದು?” ಅಂತ ಬೊಮಿ ಕೇಳಿದಳು. ನನಗೆ ಆದೇಶ ಕೊಡುವವರು ಈಗ ಯಾರೂ ಇಲ್ಲವಲ್ಲಮ್ಮ ಅಂದೆ. ಅವಳು ನನ್ನ ಕೈಯಿಂದ ಮೊಹರು ಕಿತ್ತುಕೊಂಡು ನನ್ನ ಅಂಗೈಯ ಮೇಲೆ ಒತ್ತಿದಳು. “ನಿಲ್ಲಿಸಿ” ಅಂದಳು. ನನ್ನದೇ ಹೆಸರು, ಮೂರು ದಿನ ತೊಳೆದರೂ ಹೋಗಲಿಲ್ಲ.

ಸುಳ್ಳು ಬರೆಯಬಾರದು. ನಾನು ಇನ್ನೂ ಎಣಿಸುತ್ತೇನೆ. ಆದರೆ ಬಂಡೆಗೆ ಈಗ ಉಳಿದ ಗಂಡಸರ ಜೊತೆ, ಹೆಂಗಸರು ಹೊರಬರುವ ಹೊತ್ತಿಗೆ ಹೋಗುತ್ತೇನೆ. ಅಲ್ಲಿಯವರೆಗೆ ತೋಟದಲ್ಲಿ ಗಿಡ ಎಣಿಸುತ್ತೇನೆ. ಗಿಡಗಳು ಎಲ್ಲೂ ಹೋಗುವುದಿಲ್ಲ. ಮೊದಲನೆಯ ದಿನ ತಡವಾಗಿ ಬಂದ ನನ್ನನ್ನು ನೋಡಿ ಓಕ್ಸುನ್ ಅಜ್ಜಿ, “ಏನ್ ದೀಪಸ್ತಂಭ, ಕರೆಂಟ್ ಹೋಗಿತ್ತಾ?” ಅಂದರು. ಎಲ್ಲರೂ ನಕ್ಕರು. ನಿಮ್ಮಮ್ಮ ಅಷ್ಟು ಜೋರಾಗಿ ನಕ್ಕಿದ್ದನ್ನು ನಾನು ದಡದಿಂದ ಯಾವತ್ತೂ ಕೇಳಿರಲಿಲ್ಲ. ನೀರಿನ ಮೇಲೆ ದೂರದವರೆಗೆ ಹೋಯಿತು.

ಈ ಸಲ ಕೇಳುವುದು ಒಂದೇ ಪ್ರಶ್ನೆ. ನಿಧಾನವಾಗಿ ಯೋಚಿಸಿ ಉತ್ತರ ಬರೆ. ತಡವಾದರೂ ನಾನು ಹೆದರುವುದಿಲ್ಲ, ಅಥವಾ ಸ್ವಲ್ಪ ಹೆದರುತ್ತೇನೆ.

ಅಲ್ಲಿ ನಿನ್ನನ್ನು ನಗಿಸುವವರು ಯಾರಾದರೂ ಇದ್ದಾರಾ?

ನಿನ್ನ ಅಪ್ಪ,
ಹ್ಯೊನ್ ದೊಕ್ಸು
ಕಿತ್ತಳೆ ಬೆಳೆಗಾರ